ಒಂದು ಕುದುರೆಗೆ ಎಷ್ಟು ಜನ?

ಶಾಲಾ ಪ್ರವಾಸದಲ್ಲಿ ಹಂಪಿಗೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇರಬೇಕು. ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯನ್ನು ನೆನಪಿಸಿಕೊಳ್ಳಿ. ಅದರ ಹೊರಮೈಯಲ್ಲಿ ಆನೆಗಳು, ಕುದುರೆಗಳು, ಸೈನಿಕರು, ನರ್ತಕಿಯರು ಸಾಲುಸಾಲಾಗಿ ಸಾಗಿದ್ದಾರೆ. ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದಾಗ ನನ್ನ ಗಮನ ಸೆಳೆದದ್ದು ಒಂದು ಸಣ್ಣ ಸಂಗತಿ. ಎಷ್ಟೋ ಕುದುರೆಗಳ ಬೆನ್ನ ಮೇಲೆ ಸವಾರನಿಲ್ಲ. ಪಕ್ಕದಲ್ಲಿ ಒಬ್ಬ ಆಳು ಕುದುರೆಯನ್ನು ಹಿಡಿದು ನಡೆಸುತ್ತಿದ್ದಾನೆ. ಪಠ್ಯಪುಸ್ತಕದಲ್ಲಿ ನೀವು ಓದುವುದು ಸವಾರನ ಕಥೆ. ಇಲ್ಲಿ ಆ ನಡೆದುಹೋಗುವವನ ಕಡೆಯಿಂದ ಸ್ವಲ್ಪ ನೋಡೋಣ.

ವಿಜಯನಗರದ ಅರಸರಿಗೆ ಉತ್ತರದ ಬಹಮನಿ ಸುಲ್ತಾನರ, ಆಮೇಲೆ ಬಿಜಾಪುರದ ಅಶ್ವದಳವನ್ನು ಎದುರಿಸಬೇಕಿತ್ತು. ಒಳ್ಳೆಯ ಯುದ್ಧದ ಕುದುರೆ ನಮ್ಮ ನೆಲದಲ್ಲಿ ಸಾಕಷ್ಟು ಹುಟ್ಟುತ್ತಿರಲಿಲ್ಲ. ಅದು ಅರೇಬಿಯ, ಪರ್ಷಿಯಗಳಿಂದ ಹೋರ್ಮುಜ್ ಬಂದರಿನ ಮೂಲಕ ಭಟ್ಕಳ, ಹೊನ್ನಾವರ, ಗೋವೆಗಳಿಗೆ ಬರಬೇಕು. 13ನೆಯ ಶತಮಾನದಲ್ಲಿ ಹೋರ್ಮುಜ್ ನೋಡಿದ ಮಾರ್ಕೊ ಪೋಲೊ ಅಲ್ಲಿಯ ಹಡಗುಗಳನ್ನು ವರ್ಣಿಸಿದ್ದಾನೆ. ಹಲಗೆಗಳಿಗೆ ಕಬ್ಬಿಣದ ಮೊಳೆ ಇಲ್ಲ, ತೆಂಗಿನ ನಾರಿನ ಹಗ್ಗದ ಹೊಲಿಗೆ. ಸರಕನ್ನು ತುಂಬಿ, ಅದರ ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರಂತೆ! ಓಲಾಡುವ ಹಡಗಿನಲ್ಲಿ ಕುದುರೆಗೆ ಇನ್ನೊಂದು ಕಷ್ಟವೂ ಇತ್ತು. ನಮಗೆ ಹೊಟ್ಟೆ ತೊಳಸಿದರೆ ವಾಂತಿಯಾಗುತ್ತದೆ. ಕುದುರೆ ವಾಂತಿ ಮಾಡಲಾರದು. ಅದರ ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯು ಅಷ್ಟು ಬಿಗಿ.

ದಾರಿಯಲ್ಲಿ ಬಹಳ ಕುದುರೆಗಳು ಸಾಯುತ್ತಿದ್ದವು. 16ನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಫರ್ನಾವೊ ನ್ಯೂನಿಜ್ ಹೇಳುವಂತೆ, ಸಾಳುವ ನರಸಿಂಹನು ಜೀವಂತವಾಗಿರಲಿ ಸತ್ತಿರಲಿ, ಸಾವಿರ ಪರ್ದಾವೊಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ ಸಿಗುತ್ತಿತ್ತು. ಪರ್ದಾವೊ ಎಂದರೆ ನಮ್ಮ ಚಿನ್ನದ ವರಹ. ವರ್ತಕರು ಬರುವುದನ್ನು ನಿಲ್ಲಿಸದಿರಲಿ ಎಂದು ರಾಜನೇ ಹೊತ್ತ ನಷ್ಟ ಅದು.

ಬಂದರಿಗೆ ಇಳಿದ ಮೇಲೆ ಏನು? ತಮಿಳು ಕರಾವಳಿಯ ಅರಸರ ವಿಷಯದಲ್ಲಿ ಮಾರ್ಕೊ ಪೋಲೊ ಹೇಳುವ ಮಾತು ಮರುಕ ಹುಟ್ಟಿಸುತ್ತದೆ. ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲ. ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರು, ಆರೈಕೆ ಬಲ್ಲವರಿರಲಿಲ್ಲ. ವರ್ತಕರು ಅಂಥವರನ್ನು ಕರೆತರುತ್ತಲೂ ಇರಲಿಲ್ಲ, ಬರಲು ಬಿಡುತ್ತಲೂ ಇರಲಿಲ್ಲ. ಕುದುರೆ ಸತ್ತಷ್ಟೂ ವ್ಯಾಪಾರ!

ಅನ್ನ ತಿಂದು ಕುದುರೆ ಏಕೆ ಸೊರಗಬೇಕು? ಹಸುವಿನಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ಒಂದೇ, ಅದೂ ಚಿಕ್ಕದು. ಹುಲ್ಲಿನ ನಾರು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಸೂಕ್ಷ್ಮಜೀವಿಗಳ ನೆರವಿನಿಂದ. ಪಿಷ್ಟದ ಆಹಾರ ಒಮ್ಮೆಗೇ ಹೆಚ್ಚು ಬಿದ್ದರೆ ಅಲ್ಲಿ ಆಮ್ಲ ಹೆಚ್ಚುತ್ತದೆ, ಹೊಟ್ಟೆಶೂಲೆ ಬರುತ್ತದೆ, ಕೆಲವೊಮ್ಮೆ ಗೊರಸಿನ ಒಳಪದರವೇ ಊದಿಕೊಂಡು ಕುದುರೆ ಕುಂಟುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುವುದೇ ಅದರ ಸ್ವಭಾವ. ಕಟ್ಟಿಹಾಕಿದ ಮೇಲೆ ಆ ಸ್ವಭಾವಕ್ಕೆ ತಕ್ಕಂತೆ ಹುಲ್ಲು ಹಾಕುತ್ತ ಇರಬೇಕಾದವನು ಮನುಷ್ಯ. ಈ ಜ್ಞಾನ ಕನ್ನಡ ನಾಡಿನಲ್ಲಿ ಇರಲಿಲ್ಲವೆಂದಲ್ಲ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಿಚಾರ ವಿಸ್ತಾರವಾಗಿ ಬಂದಿದೆ. ಸುಮಾರು 1400ರಲ್ಲಿ ಅಭಿನವಚಂದ್ರನೆಂಬವನು ಅಶ್ವಶಾಸ್ತ್ರವನ್ನು ಕನ್ನಡದಲ್ಲೇ ಬರೆದ.

ಈಗ ಒಂದು ಲೆಕ್ಕ ಹಾಕಿ. ಅರಮನೆಯ ಲಾಯದಲ್ಲಿ ಯಾವಾಗಲೂ 500 ಕುದುರೆಗಳು ಎಂದು ಡೊಮಿಂಗೊ ಪಾಯೆಸ್ ಬರೆದಿದ್ದಾನೆ; ಕುದುರೆಗಳನ್ನು ನೋಡಿಕೊಳ್ಳಲು 1,600 ಆಳುಗಳು, ಪಳಗಿಸಲು 300 ಜನ ಎಂದು ನ್ಯೂನಿಜ್ ಬರೆದಿದ್ದಾನೆ. ಅಂದರೆ ಒಂದು ಕುದುರೆಗೆ ಸುಮಾರು ನಾಲ್ಕು ಮಂದಿ. ಇದು ಬರೀ ಆಡಂಬರವೆಂದು ನನಗೆ ಅನ್ನಿಸುವುದಿಲ್ಲ. ಸಾಧಾರಣ ಗಾತ್ರದ ಕುದುರೆಗೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು, 25ರಿಂದ 40 ಲೀಟರ್ ನೀರು ಬೇಕು. 500 ಕುದುರೆಗೆ ದಿನವೂ ನಾಲ್ಕೈದು ಟನ್ ಮೇವು! ಯಾರೋ ಕೊಯ್ಯಬೇಕು, ಹೊರಬೇಕು, ಹುರುಳಿ ಬೇಯಿಸಬೇಕು, ಲದ್ದಿ ಬಾಚಬೇಕು, ಮೈ ಉಜ್ಜಬೇಕು, ಗೊರಸಿನ ಸಂದಿಯ ಕೊಳೆ ತೆಗೆಯಬೇಕು. ಇದಕ್ಕೆ ಹಬ್ಬವಿಲ್ಲ, ರಜೆಯಿಲ್ಲ. ಕುದುರೆ ನರಳುವ ರಾತ್ರಿ ಲಾಯದಲ್ಲಿ ಎಚ್ಚರವಿರುವವನು ರಾಜನಲ್ಲ.

ಹಬ್ಬವೂ ಕುದುರೆಯದೇ ಆಗಿತ್ತು. ಸುಮಾರು 1520ರಲ್ಲಿ ಮಹಾನವಮಿಯನ್ನು ನೋಡಿದ ಡೊಮಿಂಗೊ ಪಾಯೆಸ್, ಸಿಂಗರಿಸಿದ ಕುದುರೆಗಳನ್ನು ರಾಜನ ಮುಂದೆ ಸಾಲಾಗಿ ನಿಲ್ಲಿಸಿ, ತೆಂಗಿನಕಾಯಿ, ಅಕ್ಕಿ, ಹೂವು, ನೀರುಗಳಿಂದ ಪೂಜಿಸಿದುದನ್ನು ಬಣ್ಣಿಸಿದ್ದಾನೆ. ಎಲ್ಲಕ್ಕಿಂತ ಮುಂದೆ ಎರಡು ಶ್ವೇತಚ್ಛತ್ರಗಳ ಒಂದು ಪಟ್ಟದ ಕುದುರೆ. ಹೊಸ ಅರಸರು ಪ್ರಮಾಣ ಮಾಡುತ್ತಿದ್ದುದು ಅದರ ಮೇಲೆ. ಅದು ಸತ್ತರೆ ಆ ಸ್ಥಾನಕ್ಕೆ ಇನ್ನೊಂದು.

ಕುದುರೆಗಾಗಿ ಯುದ್ಧವೂ ನಡೆಯಿತು. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು 40,000 ಪರ್ದಾವೊ ಕೊಟ್ಟು ಕಳಿಸಿದವನು ಹಣದೊಂದಿಗೆ ಆದಿಲ್‌ಷಾಹಿ ಸೀಮೆಗೆ ಓಡಿಹೋದ. 1520ರ ರಾಯಚೂರು ಯುದ್ಧಕ್ಕೆ ನ್ಯೂನಿಜ್ ಕೊಡುವ ಕಾರಣ ಅದೇ.

ಇಷ್ಟಕ್ಕೂ ಹಣ ಯಾರದು? ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ನ್ಯೂನಿಜ್ ಹೇಳುತ್ತಾನೆ. ಅವುಗಳಲ್ಲಿ ಒಳ್ಳೆಯವು ರಾಜನ ಲಾಯಕ್ಕೆ. ಉಳಿದ ನಾಡತಳಿಗಳನ್ನು ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರಿ, ಸೆಪ್ಟೆಂಬರಿನೊಳಗೆ ಹಣ ವಸೂಲು ಮಾಡಿ, ಅದರಲ್ಲೇ ಪೋರ್ಚುಗೀಸರಿಂದ ಕೊಂಡ ಅರಬ್ಬೀ ಕುದುರೆಗಳ ಬೆಲೆ ತೀರಿಸುತ್ತಿದ್ದರು. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ. ನಾಯಕರಿಗೆ ಹಣ ಬರುತ್ತಿದ್ದುದು ಭೂಮಿಯಿಂದ. ಭೂಮಿ ಹಿಡಿದವರ ದಬ್ಬಾಳಿಕೆಯಿಂದ ಸಾಮಾನ್ಯ ಜನ ಬಹಳ ಕಷ್ಟಪಡುತ್ತಾರೆಂದೂ ಅವನೇ ಬರೆದಿದ್ದಾನೆ. ಮಳೆ ಬರಲಿ ಬಿಡಲಿ, ಅರಬ್ಬೀ ಕುದುರೆಯ ಬೆಲೆ ಕೊನೆಗೆ ಹೊಲದಿಂದಲೇ ಏಳಬೇಕಿತ್ತು.

ಹಂಪಿಗೆ ಮತ್ತೆ ಹೋದರೆ ಹಜಾರರಾಮದ ಗೋಡೆಯ ಮುಂದೆ ಐದು ನಿಮಿಷ ನಿಲ್ಲಿ. ನಡುಮಧ್ಯಾಹ್ನ ಬೇಡ, ನಾವು ಆ ಹೊತ್ತಿನಲ್ಲಿ ತೆಗೆದ ದೃಶ್ಯಗಳು ಸಪ್ಪೆಯಾಗಿ ಬಂದು ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು. ಓರೆ ಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ, ಕುದುರೆಯ ಜೊತೆ ನಡೆಯುತ್ತಿರುವವನ ಕೈ ಕೂಡ.