ಹಾರ್ಡ್‌ವೇರ್ ಅಂಗಡಿಯಿಂದ ಯಂತ್ರಾಂಶದವರೆಗೆ: ಗಡಿನಾಡಿನ ಕಲಿಕೆಗೊಂದು ಪದಚರಿತ್ರೆ



ರಾಯದುರ್ಗ, ಮಡಕಶಿರಾದಂಥ ಊರುಗಳ ಪೇಟೆಯಲ್ಲಿ 'ಹಾರ್ಡ್‌ವೇರ್' ಅಂದರೆ ಮೊಳೆ, ಬೋಲ್ಟು, ಪೈಪು ಮಾರುವ ಅಂಗಡಿ. ಕಂಪ್ಯೂಟರ್ ಪಾಠದಲ್ಲಿ ಅದೇ ಪದ ಬಂದರೆ ಹೊಸಬರು ತಬ್ಬಿಬ್ಬಾಗುವುದು ಸಹಜ. ಆದರೆ ಚರಿತ್ರೆಯಲ್ಲಿ ಅಂಗಡಿಯ ಅರ್ಥವೇ ಹಳೆಯದು. ಇಂಗ್ಲಿಷಿನಲ್ಲಿ ಲೋಹದ ಸಾಮಾನಿಗಿದ್ದ ಹೆಸರನ್ನೇ ಯಂತ್ರದ ಮುಟ್ಟಬಹುದಾದ ಭಾಗಗಳಿಗೂ ಇಟ್ಟರು. ಅದಕ್ಕೆ ಜೋಡಿಯಾಗಿ ಬಂದ 'ಸಾಫ್ಟ್‌ವೇರ್' ಪದವನ್ನು ಜಾನ್ ಟ್ಯೂಕಿ 1958ರ ಲೇಖನವೊಂದರಲ್ಲಿ ಬಳಸಿದ್ದಾರೆ. ಕನ್ನಡವು ಈ ಜೋಡಿಯನ್ನು 'ಯಂತ್ರಾಂಶ–ತಂತ್ರಾಂಶ' ಎಂದು ಪ್ರಾಸವಿಟ್ಟು ಕಟ್ಟಿಕೊಂಡಿತು.

ಈ ಕನ್ನಡ ಪದಗಳು ಗಡಿಯಾಚೆಗೆ ತಾವಾಗಿಯೇ ದಾಟುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಅನಂತಪುರಕ್ಕೆ ಸೇರಿತು. ಮಡಕಶಿರಾ ಮೊದಲಿಂದಲೂ ಅನಂತಪುರದಲ್ಲಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಇಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯದು ತೆಲುಗು, ಕಂಪ್ಯೂಟರಿನದು ಇಂಗ್ಲಿಷು.

ಗೊಂದಲ ಹೆಚ್ಚಾಗುವುದು 'ಮೆಮೊರಿ' ಎಂಬಲ್ಲಿ. ಆಂಧ್ರಪ್ರದೇಶವೂ ವಿಶಾಲ ಮೈಸೂರೂ ಹುಟ್ಟಿದ 1956ರಲ್ಲೇ ಐಬಿಎಂ ಕಂಪನಿ ಮೊದಲ ಡಿಸ್ಕ್ ಸಂಗ್ರಹಣೆಯನ್ನು ಹೊರತಂದಿತು. ಎರಡೆರಡು ಅಡಿ ಅಗಲದ 50 ತಟ್ಟೆಗಳು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಹಾರ್ಡ್ ಡಿಸ್ಕ್ ಈ ವಂಶದ್ದು. ಅದು ನೋಟ್‌ಬುಕ್ ಇದ್ದಂತೆ, ಕರೆಂಟು ಹೋದರೂ ಬರೆದದ್ದು ಇರುತ್ತೆ. ರ್ಯಾಮ್ ಸ್ಲೇಟಿನಂತೆ: ಕೆಲಸ ನಡೆಯುವಷ್ಟು ಹೊತ್ತು ಮಾತ್ರ, ಕರೆಂಟು ಹೋದರೆ ಎಲ್ಲ ಅಳಿಸಿಹೋಗುತ್ತೆ. 'ಸೇವ್ ಮಾಡು' ಅಂದರೆ ಸ್ಲೇಟಿನದನ್ನು ನೋಟ್‌ಬುಕ್ಕಿಗೆ ಇಳಿಸು ಎಂದರ್ಥ.

ಆಡುಮಾತಿನಲ್ಲಿ ಇವೆರಡಕ್ಕೂ 'ಮೆಮೊರಿ' ಅಂತಲೇ ಅನ್ನುತ್ತೇವೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವ ಹುಡುಗಿಗೆ '500 ಜಿಬಿ ಮೆಮೊರಿ' ಎಂದು ಹೇಳಿದರೆ, ರ್ಯಾಮ್ 2 ಜಿಬಿಯಷ್ಟೇ ಇರುವುದು ಮನೆಗೆ ಬಂದ ಮೇಲೆ, ಯಂತ್ರ ತೆವಳತೊಡಗಿದಾಗ ತಿಳಿಯುತ್ತೆ. ಪದದ ಅರ್ಥ ಗೊತ್ತಿಲ್ಲದ್ದಕ್ಕೆ ದುಡ್ಡು ತೆತ್ತ ಹಾಗಾಯ್ತು.

ಆದ್ದರಿಂದ ನನ್ನ ವಾದ ಇಷ್ಟೇ. ಗಡಿನಾಡಿನ ಹೊಸಬರಿಗೆ 'ಯಂತ್ರಾಂಶ'ವನ್ನು ಬಾಯಿಪಾಠ ಮಾಡಿಸುವುದು ಮೊದಲ ಹೆಜ್ಜೆಯಾಗಬಾರದು. ಅಂಗಡಿಯವರೂ ತೆಲುಗಿನ ಗೆಳೆಯರೂ ಬಳಸುವ ಹಾರ್ಡ್‌ವೇರ್, ರ್ಯಾಮ್ ಹಾಗೇ ಇರಲಿ. ವಿವರಣೆ ಮಾತ್ರ ಮನೆಮಾತಿನಲ್ಲಿ ಸಿಗಲಿ. ಭಾಷೆ ಉಳಿಯಲು ಹೊಸ ಪದ ಬೇಕು, ನಿಜ. ಆದರೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಸಿಗುವುದು ಅದಕ್ಕಿಂತ ಮೊದಲು ಬೇಕು ಅಂತ ನನಗನ್ನಿಸುತ್ತೆ. ಇದನ್ನು ಚರ್ಚೆಗೆ ಬಿಡುತ್ತೇನೆ.