ಎಳೆಯ ಎಲುಬಿನ ಚರಿತ್ರೆ

ಬಳ್ಳಾರಿ ಸೀಮೆಯಲ್ಲಿ ಚರಿತ್ರೆಯ ಮಾತು ಬಂದೊಡನೆ ನಮ್ಮ ಕಣ್ಣು ಕಲ್ಲಿನ ಕಡೆಗೆ ಹೊರಳುತ್ತದೆ. ಬಳ್ಳಾರಿಯ ಕೋಟೆ, ಕುರುಗೋಡಿನ ಸಿಂದ ಅರಸರ ಶಾಸನಗಳು, ಅಲ್ಲಿಯ ದೊಡ್ಡಬಸವೇಶ್ವರ, ಎಲ್ಲವೂ ಕಲ್ಲೇ. ಆದರೆ ಈ ಶಾಸನಗಳಿಗಿಂತ ಹಳೆಯ ಬರಹವೊಂದು ಇದೇ ನೆಲದಲ್ಲಿದೆ. ಅದು ಎಲುಬಿನ ಬರಹ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ ನವಶಿಲಾಯುಗದ ಸಮಾಧಿಗಳು ಬೆಳಕಿಗೆ ಬಂದವು. ಅಂಥ ಅಸ್ಥಿಗಳನ್ನು ಪರೀಕ್ಷಿಸುವವರು ಸತ್ತವರ ವಯಸ್ಸನ್ನು ತಿಳಿಯುವ ಬಗೆಗಳಲ್ಲಿ ಒಂದು ಇದು: ನೀಳವಾದ ಎಲುಬಿನ ತುದಿಯು ಅದರ ಕಾಂಡಕ್ಕೆ ಬೆಸೆದುಕೊಂಡಿದೆಯೇ, ಇಲ್ಲವೇ ಎಂದು ನೋಡುವುದು. ಬೆಸೆದಿರದಿದ್ದರೆ ಅದು ಬೆಳೆಯುತ್ತಿದ್ದ ಜೀವ.

ತುದಿಗೂ ಕಾಂಡಕ್ಕೂ ನಡುವೆ ಇರುವ ಮೆದು ಎಲುಬಿನ ತೆಳುವಾದ ಪಟ್ಟಿಯೇ ನಮ್ಮನ್ನು ಎತ್ತರಕ್ಕೆ ಬೆಳೆಸುವುದು. ಇಂದಿನ ನನ್ನ ಮಾತು, ತೊಡೆಯ ಮೂಳೆ ಸೊಂಟದ ಬಟ್ಟಲಿನಲ್ಲಿ ಕೂರುವ ಎಡೆಯ ಪಟ್ಟಿ ಮತ್ತು ಅದರ ಮೇಲಿನ ಗುಂಡುತಲೆಯನ್ನು ಕುರಿತದ್ದು. ಸತ್ತವರ ಎಲುಬನ್ನು ಕೈಯಲ್ಲಿ ಹಿಡಿದು ನೋಡಬಹುದು. ಬದುಕಿರುವ ಮಗುವಿನ ಎಲುಬನ್ನು ನೋಡುವುದೆಂತು? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯೇ ಒಂದು ಚರಿತ್ರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಗುವೊಂದು ಸೊಂಟದ ನೋವಿನಿಂದ ಕುಂಟಿದರೆ ವೈದ್ಯರ ಸಂಶಯ ಮೊದಲು ಹೋಗುತ್ತಿದ್ದುದು ಕೀಲಿನ ಕ್ಷಯದ ಕಡೆಗೆ. ಅದು ಆಗ ಅಷ್ಟು ಸಾಮಾನ್ಯವೂ ಅಷ್ಟು ಭಯಂಕರವೂ ಆಗಿತ್ತು. ಮಗುವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಂಚಕ್ಕೆ ಕಟ್ಟಿಹಾಕಿದಂತೆ ಮಲಗಿಸುತ್ತಿದ್ದರು. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರೋಂಟ್‌ಗೆನ್ ಕ್ಷ-ಕಿರಣವನ್ನು ಕಂಡ. ಡಿಸೆಂಬರ್ 22ರಂದು ಅವನ ಪತ್ನಿಯ ಕೈಯ ಎಲುಬುಗಳೂ ಉಂಗುರವೂ ಫಲಕದ ಮೇಲೆ ಮೂಡಿದವು. ತನ್ನ ಶೋಧಕ್ಕೆ ಅವನು ಪೇಟೆಂಟನ್ನು ಪಡೆಯಲಿಲ್ಲ; ಲೋಕವೆಲ್ಲ ಅದನ್ನು ಬಳಸುವಂತಾಯಿತು.

ನೋಡುವ ಸಾಧನ ಬಂದಮಾತ್ರಕ್ಕೆ ನೋಟ ಬಂತೆಂದಲ್ಲ. 1909ರಲ್ಲಿ ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಇಂಥ ಸೊಂಟಗಳ ಚಿತ್ರಗಳನ್ನು ಪ್ರಕಟಿಸಿದ. ಆದರೆ ಅದೂ ಕ್ಷಯದ ಒಂದು ಬಗೆಯೆಂದೇ ಭಾವಿಸಿದ. ಮರುವರ್ಷ, 1910ರಲ್ಲಿ, ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪೆರ್ಟೆಸ್, ಮೂವರೂ ಬೇರೆ ಬೇರೆಯಾಗಿ, ಇದು ಕ್ಷಯವಲ್ಲ ಎಂದು ಸಾರಿದರು. ತೊಡೆಮೂಳೆಯ ತಲೆಗೆ ರಕ್ತದ ಪೂರೈಕೆ ತಪ್ಪಿ, ಅದು ಸತ್ತು, ಚೂರಾಗಿ, ಮತ್ತೆ ಹೊಸದಾಗಿ ಕಟ್ಟಿಕೊಳ್ಳುವ ರೋಗ ಇದೆಂದು ಮುಂದೆ ಸ್ಪಷ್ಟವಾಯಿತು. ಈಗ ಇದಕ್ಕೆ ಪೆರ್ಟೆಸ್ ರೋಗವೆಂದೇ ಹೆಸರು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಇದು ಹೆಚ್ಚು.

ಹರೆಯಕ್ಕೆ ಕಾಲಿಡುವ ಮಕ್ಕಳಲ್ಲಿ ಕಾಣುವ ಇನ್ನೊಂದು ರೋಗವಿದೆ. ಬೆಳವಣಿಗೆಯ ಪಟ್ಟಿಯೇ ಸಡಿಲಗೊಂಡು ತಲೆ ತನ್ನ ಸ್ಥಾನದಿಂದ ಜಾರುತ್ತದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಮೊದಲ ಜಾರು ಅಡಗಿರಬಹುದು. ಆದ್ದರಿಂದ ಕಪ್ಪೆಯ ಕಾಲಿನಂತೆ ತೊಡೆಗಳನ್ನು ಅಗಲಿಸಿ ಇನ್ನೊಂದು ಚಿತ್ರ ತೆಗೆಯುವ ಪದ್ಧತಿ ಬಂದಿತು. ಸೊಂಟದ ರೋಗದ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದು ಮತ್ತೊಂದು ವಂಚನೆ. ಮೊಣಕಾಲಿನ ಚಿತ್ರ ತೆಗೆಸಿ, ಏನೂ ಇಲ್ಲವೆಂದು ಮನೆಗೆ ಮರಳಿದ ಮಗುವಿನ ಸೊಂಟ ದಿನದಿನಕ್ಕೂ ಜಾರುತ್ತಿರಬಹುದು.

ಈ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು ಪೆರ್ಟೆಸ್ ರೋಗವು ನಮ್ಮ ಪಡುವಣ ಕರಾವಳಿಯಲ್ಲಿ ಹೆಚ್ಚಾಗಿರುವುದನ್ನು 1988ರಲ್ಲಿ ಪ್ರಕಟಿಸಿದರು. 2003ರಲ್ಲಿ, 610 ಮಕ್ಕಳ ಸೊಂಟದ ಚಿತ್ರಗಳನ್ನು ಸಾಲಾಗಿಟ್ಟು ಓದಿ, ರೋಗ ಸಾಗುವ ಮೆಟ್ಟಿಲುಗಳನ್ನು ವಿಂಗಡಿಸಿ ತೋರಿಸಿದರು. ಎಲುಬು ಚೂರಾಗುವ ಘಟ್ಟದ ಕೊನೆಯ ಹೊತ್ತಿಗೆ ತಲೆಯ ದುಂಡು ಕೆಡತೊಡಗುತ್ತದೆ. ಅದಕ್ಕೆ ಮುಂಚೆಯೇ ಅದನ್ನು ಬಟ್ಟಲಿನೊಳಗೆ ಭದ್ರವಾಗಿ ನಿಲ್ಲಿಸಬೇಕು ಎಂಬುದು ಅವರ ತೀರ್ಮಾನ.

ಮಲೆನಾಡಿನ ಕಥೆ ಇನ್ನೂ ಮಾರ್ಮಿಕವಾದುದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕುಟುಂಬಗಳ ಜನ ಸೊಂಟ ಹಿಡಿದು ನಡೆಯಲಾರದವರಾದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿತೆಂಬ ಶಂಕೆ ಹಬ್ಬಿತು. ಮುಂದೆ ಕ್ಷ-ಕಿರಣದ ಅಧ್ಯಯನಗಳು ಸೊಂಟದ ಮತ್ತು ಬೆನ್ನಿನ ಎಲುಬುಗಳ ಬೆಳವಣಿಗೆಯ ದೋಷವನ್ನು ಗುರುತಿಸಿದವು. ಅದು ವಂಶದಲ್ಲಿ ಹರಿದುಬರುವ ರೋಗವೆಂಬ ನಿರ್ಣಯಕ್ಕೆ 1990ರ ದಶಕದಲ್ಲಿ ಸಂಶೋಧಕರು ಬಂದರು. ಚಿತ್ರ ಕಾರಣವನ್ನು ತಿಳಿಸಿತು. ಆ ಜನರ ಬಡತನವನ್ನು ನೀಗಿಸುವುದು ಚಿತ್ರದ ಕೈಯಲ್ಲಿರಲಿಲ್ಲ.

ಮೆದು ಎಲುಬು ಕ್ಷ-ಕಿರಣಕ್ಕೆ ಬರಿದಾದ ಗೆರೆಯಂತೆ ಮಾತ್ರ ಕಾಣುತ್ತದೆ. ಆ ಕೊರತೆಯನ್ನು ಬಳಿಕ ಬಂದ ವಿಧಾನಗಳು ತುಂಬಿದವು. ಆಸ್ಟ್ರಿಯದ ಗ್ರಾಫ್ 1980ರಲ್ಲಿ ಶಬ್ದದ ಅಲೆಗಳಿಂದ ಹಸುಗೂಸಿನ ಸೊಂಟವನ್ನು ನೋಡುವ ಮಾರ್ಗ ತೋರಿದ. ಎಂ.ಆರ್.ಐ. ಯಂತ್ರವಂತೂ ಕ್ಷ-ಕಿರಣದ ಚಿತ್ರ ಇನ್ನೂ ಸಹಜವೆಂದು ತೋರುವಾಗಲೇ ರಕ್ತ ತಪ್ಪಿದ ಎಡೆಯನ್ನು ಹಿಡಿಯಬಲ್ಲದು.

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ಸಿರುಗುಪ್ಪದ ಭತ್ತದ ಗದ್ದೆಯಿಂದಲೂ ಕುರುಗೋಡಿನ ಬೆಟ್ಟದ ಬುಡದಿಂದಲೂ ಅಲ್ಲಿಗೆ ಬಸ್ಸಿನ ದಾರಿಯುಂಟು. ಆದರೂ ಬಸ್ಸು ಹತ್ತುವ ಮುನ್ನವೇ ಕಾಲ ಕಳೆದುಹೋಗುತ್ತದೆ. ‘ಆಡುವಾಗ ಬಿದ್ದಿರಬೇಕು, ಎಣ್ಣೆ ತಿಕ್ಕಿದರೆ ಹೋಗುತ್ತದೆ’ ಎಂದು ಹಿರಿಯರು ಅನ್ನುವುದು ಪ್ರೀತಿಯಿಂದಲೇ. ನಾಟಿಯೋ ಕೊಯ್ಲೋ ಮುಗಿಯಲೆಂದು ತಂದೆ ತಡೆಯುವುದು ಕೂಲಿ ತಪ್ಪೀತೆಂಬ ಅಂಜಿಕೆಯಿಂದ. ಅವರನ್ನು ದೂರುವಂತಿಲ್ಲ. ಆದರೆ ಎಲುಬಿಗೆ ಸುಗ್ಗಿಯ ಲೆಕ್ಕ ತಿಳಿಯದು.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಕುಂಟುವ ಮಗುವನ್ನು ನಿಲ್ಲಿಸಿ ವಿಚಾರಿಸೋಣ; ಮೊಣಕಾಲು ನೋಯುತ್ತದೆ ಎಂದರೆ ಸೊಂಟವನ್ನೂ ತೋರಿಸೋಣ. ತೆಕ್ಕಲಕೋಟೆಯ ಎಲುಬುಗಳನ್ನು ನಾವು ಮೂರು ಸಾವಿರ ವರ್ಷ ಮೀರಿದ ಮೇಲೆ ಓದಿದೆವು. ಬದುಕಿರುವವರ ಎಲುಬನ್ನು ಓದಲು ಅಷ್ಟು ತಡ ಸಲ್ಲದು.