‘ಗೋಲ್ಡ್’ ಸ್ಟಿಕ್ಕರ್ ಇದ್ದರೆ ಎಸ್‌ಎಂಪಿಎಸ್ ಸದ್ದು ಮಾಡುವುದಿಲ್ಲವೇ?

“ಗೋಲ್ಡ್ ಎಸ್‌ಎಂಪಿಎಸ್ ಹಾಕಿಸಿ, ಕಂಪ್ಯೂಟರ್ ಸದ್ದೇ ಮಾಡಲ್ಲ.” ಅಂಗಡಿಯಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಕೇಳಿಬರುವ ಈ ಮಾತು ಅರ್ಧ ಮಾತ್ರ ನಿಜ.

ಪ್ಲಗ್ಗಿನಿಂದ ಬರುವ 230 ವೋಲ್ಟ್ ಎಸಿ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್ ಡಿಸಿಗೆ ಬದಲಿಸುವ ಡಬ್ಬಿಯೇ ಎಸ್‌ಎಂಪಿಎಸ್. ಈ ಕೆಲಸದಲ್ಲಿ ಒಂದಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಆ ಶಾಖವನ್ನು ಹೊರದೂಡಲು ಒಳಗೊಂದು ಫ್ಯಾನ್ ಇರುತ್ತದೆ. ನಮಗೆ ಕೇಳುವುದು ಹೆಚ್ಚಾಗಿ ಅದರದ್ದೇ ಸದ್ದು.

‘ಗೋಲ್ಡ್’ ಎಂಬುದು 2004ರಲ್ಲಿ ಅಮೆರಿಕದಲ್ಲಿ ಶುರುವಾದ ‘80 ಪ್ಲಸ್’ ಪ್ರಮಾಣಪತ್ರದ ಒಂದು ದರ್ಜೆ. ಅಲ್ಲಿನ 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆ ಇರುವಾಗ ಬ್ರಾಂಜ್ ದರ್ಜೆಗೆ ಶೇ 85, ಗೋಲ್ಡ್‌ಗೆ ಶೇ 90 ದಕ್ಷತೆ ಬೇಕು. ಕಂಪ್ಯೂಟರ್ 300 ವ್ಯಾಟ್ ಬಳಸುತ್ತಿದೆ ಎನ್ನಿ. ಬ್ರಾಂಜ್‌ನಲ್ಲಿ ಸುಮಾರು 53 ವ್ಯಾಟ್ ಶಾಖವಾದರೆ, ಗೋಲ್ಡ್‌ನಲ್ಲಿ 33 ವ್ಯಾಟ್. ಶಾಖ ಕಡಿಮೆಯಾದ್ದರಿಂದ ಫ್ಯಾನ್ ನಿಧಾನ ತಿರುಗಬಹುದು. ತಿರುಗಲೇಬೇಕು ಅಂತೇನಿಲ್ಲ! ತಯಾರಕರು ಅಗ್ಗದ ಫ್ಯಾನ್ ಹಾಕಿ ಅದನ್ನು ಜೋರಾಗಿ ಓಡಿಸಿದರೂ ಗೋಲ್ಡ್ ಸ್ಟಿಕ್ಕರ್ ಸಿಗುತ್ತದೆ. ಏಕೆಂದರೆ 80 ಪ್ಲಸ್ ಸದ್ದನ್ನು ಅಳೆಯುವುದೇ ಇಲ್ಲ.

ಸದ್ದಿಗೆ ಬೇರೆಯೇ ದರ್ಜೆ ಇದೆ. ಸೈಬೆನೆಟಿಕ್ಸ್ ಎಂಬ ಸಂಸ್ಥೆ ಕೊಡುವ ‘ಲ್ಯಾಂಬ್ಡಾ’ ದರ್ಜೆಯಲ್ಲಿ ಎ++ ಎಂದರೆ ಸರಾಸರಿ 15 ಡೆಸಿಬೆಲ್‌ಗಿಂತ ಕಡಿಮೆ, ಎ ಎಂದರೆ 20ರಿಂದ 25. ಕೊಳ್ಳುವ ಮೊದಲು ಆ ಮಾಡೆಲ್‌ನ ಹೆಸರನ್ನು ಅವರ ಪಟ್ಟಿಯಲ್ಲಿ ಹುಡುಕಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ‘ಸೈಲೆಂಟ್’ ಪದಕ್ಕೆ ಯಾವ ಅಳತೆಯೂ ಇಲ್ಲ.

ಇನ್ನೊಂದು ವಿಷಯ ಉಷ್ಣತೆ. 80 ಪ್ಲಸ್ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯಲ್ಲಿ. ಮೇ ತಿಂಗಳ ಕಲಬುರಗಿಯಲ್ಲಿ, ಮೇಜಿನ ಕೆಳಗೆ ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನಲ್ಲಿ, ಅದೇ ಎಸ್‌ಎಂಪಿಎಸ್‌ನ ಫ್ಯಾನ್ ಬೇಗ ವೇಗ ಹೆಚ್ಚಿಸಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ತುಸು ಹೆಚ್ಚು ವ್ಯಾಟಿನದು ಕೊಂಡರೆ ಇಲ್ಲಿ ನಿಜಕ್ಕೂ ಲಾಭ. 650 ವ್ಯಾಟ್ ಎಂದು ಬರೆದದ್ದು ಸದಾ 650 ವ್ಯಾಟ್ ಎಳೆದು ಕರೆಂಟ್ ಬಿಲ್ ಏರಿಸುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಕಂಪ್ಯೂಟರ್ ಕೇಳಿದಷ್ಟನ್ನು, ಜೊತೆಗೆ ಪೋಲಾಗುವಷ್ಟನ್ನು ಮಾತ್ರ ಅದು ಎಳೆಯುವುದು.

“ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಂತೆ” ಎಂಬುದೂ ಈಗ ಹಳೆಯ ಮಾತು. ಹಲವು ಹೊಸ ಮಾಡೆಲ್‌ಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನ್ ತಾನಾಗಿ ನಿಲ್ಲುತ್ತದೆ. ಹಾಗೆಯೇ, ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದಾಗ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದಲ್ಲ. ಅದು ಚಾಲೂ ಆಗುತ್ತದೆ ಎಂದಷ್ಟೇ ಅರ್ಥ. ಹೊರೆ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೋ ಇಲ್ಲವೋ ಕ್ಲಿಪ್ಪಿಗೆ ಗೊತ್ತಾಗುವುದಿಲ್ಲ.

ಫ್ಯಾನ್ ಸದ್ದಲ್ಲದೆ ಸಣ್ಣಗೆ ‘ಕೀಂ’ ಎನ್ನುವ ದನಿಯೂ ಕೇಳಬಹುದು. ಒಳಗಿನ ತಂತಿಸುರುಳಿಗಳು ಕಂಪಿಸುವುದರಿಂದ ಬರುವ ಇದು ಅಪಾಯವಲ್ಲ, ಕಿರಿಕಿರಿ. ಕೊಂಡ ಹೊಸತರಲ್ಲೇ ರಾತ್ರಿ ಫ್ಯಾನ್, ಟಿವಿ ಆರಿಸಿ, ಒಮ್ಮೆ ಕಂಪ್ಯೂಟರನ್ನು ಸುಮ್ಮನೆ ಬಿಟ್ಟು, ಇನ್ನೊಮ್ಮೆ ಭಾರಿ ಗೇಮ್ ಅರ್ಧ ಗಂಟೆ ಓಡಿಸಿ ಕೇಳಿಸಿಕೊಳ್ಳಿ. ದನಿ ಜೋರಾಗಿದ್ದರೆ ಬದಲಿಸಿಕೊಡಲು ಆಗಲೇ ಕೇಳಿ.

ಸದ್ದು ತಗ್ಗಿಸಲು ಡಬ್ಬಿ ಬಿಚ್ಚಿ ಫ್ಯಾನಿಗೆ ಎಣ್ಣೆ ಬಿಡುವುದು, ವೈರ್ ಕೀಳುವುದು ಮಾತ್ರ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಹೊರಗಿನಿಂದ ಧೂಳು ತೆಗೆಯಿರಿ, ಗಾಳಿಯಾಡಲು ಜಾಗ ಬಿಡಿ. ಆದರೂ ಗರಗರ ಎಂದರೆ ರಿಪೇರಿಯವರಿಗೆ ಕೊಡಿ.